ಡ್ರೈವರ್ ತಾತನ ಹತ್ತು ಲೆವೆಲ್

ಅವರ ಬಲಗೈ ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಕೈಮುಗಿದರೆ ಎಡಗೈ ನೆಟ್ಟಗೆ ನಿಲ್ಲುತ್ತಿತ್ತು, ಬಲಗೈಯ ನಾಲ್ಕು ಬೆರಳು ಮಾತ್ರ ಅರ್ಧ ಮಡಚಿಕೊಂಡು ಇನ್ನೂ ಏನನ್ನೋ ಹಿಡಿದಿರುವಂತೆ ಇರುತ್ತಿದ್ದವು. ಅಂಗೈ ನಡುವೆ ಹಳದಿಗಟ್ಟಿದ ಒಂದು ದಡ್ಡು, ಮುಟ್ಟಿದರೆ ಹುಣಸೆಬೀಜದಷ್ಟು ನುಣುಪು. ಕೋರಮಂಡಲ್ ಚಿನ್ನದ ಗಣಿಯ ಎಂಜಿನ್ ಮನೆಯಲ್ಲಿ ಕುಳಿತು ಇಪ್ಪತ್ತಾರು ವರ್ಷ ಒಂದೇ ಕಬ್ಬಿಣದ ಲಿವರ್ ಹಿಡಿದ ಕೈ ಅದು. ಗಣಿಯ ಆಳಕ್ಕೆ ಜನರನ್ನು ಇಳಿಸುವ, ಶಿಫ್ಟ್ ಮುಗಿದ ಮೇಲೆ ಎತ್ತಿ ತರುವ ಕಬ್ಬಿಣದ ಪಂಜರಕ್ಕೆ ಅಲ್ಲಿಯವರು ಕೇಜು ಎನ್ನುತ್ತಾರೆ. ಆ ಕೇಜನ್ನು ಇಳಿಸಿ ಏರಿಸುತ್ತಿದ್ದವರು ಇವರು.

ಹಾಗಾಗಿ ಊರಿಗೆಲ್ಲ ಅವರು ಡ್ರೈವರ್ ತಾತ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಹೆಸರು ಮಾತ್ರ ಮುಚ್ಚಿರಲಿಲ್ಲ. ತಮಾಷೆಯೆಂದರೆ ಈ ಡ್ರೈವರಿಗೆ ಸೈಕಲ್ ಹೊಡೆಯಲೂ ಬರುತ್ತಿರಲಿಲ್ಲ. ಐದು ವರ್ಷ ನನ್ನ ಸ್ಕೂಟಿಯ ಹಿಂದೆ, ಔಷಧಿ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕುಳಿತ ಕಡೆಯಿಂದಲೇ ನನಗೆ ಪಾಠ. ಗುಂಡಿ ಬಂದರೆ ಸಾಕು, "ಮೆತ್ತಗೆ ಸಿಸ್ಟರಮ್ಮ, ಕೇಜ್ನಾಗೆ ಜನ ಅವ್ರೆ" ಎನ್ನುತ್ತಿದ್ದರು. ಹೈಸ್ಕೂಲಿನಿಂದ ಗಾಡಿ ಓಡಿಸುತ್ತಿದ್ದ ನನಗೆ ಮೈ ಉರಿಯುತ್ತಿತ್ತು.

ನಾನು ಹಾವೇರಿ ಕಡೆಯವಳು. ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದು, ಊರಿನ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದ್ದೆ. ಆ ವರ್ಷ ಆಸ್ಪತ್ರೆಯವರು ಹೊಸ ಕೆಲಸವೊಂದನ್ನು ಹಿಡಿದಿದ್ದರು. ಇನ್ನು ವಾಸಿಯಾಗುವುದಿಲ್ಲ ಎಂದು ದೊಡ್ಡ ಆಸ್ಪತ್ರೆಗಳು ಮನೆಗೆ ಕಳಿಸಿದ ರೋಗಿಗಳಿಗೆ ಅವರ ಮನೆಯಲ್ಲೇ ಆರೈಕೆ ಮಾಡುವುದು, ನೋವು ತಗ್ಗಿಸುವುದು, ಹುಣ್ಣು ತೊಳೆಯುವುದು. ಕಾಗದದ ಮೇಲೆ ದೊಡ್ಡ ಯೋಜನೆ. ನಿಜದಲ್ಲಿ ಇದ್ದದ್ದು ಒಂದು ಸ್ಕೂಟಿ, ವಾರಕ್ಕೆರಡು ದಿನ ಬಂಗಾರಪೇಟೆಯಿಂದ ಬರುವ ಒಬ್ಬ ಡಾಕ್ಟರು, ಮತ್ತು ನಾನು. ಊರಿಗೆ ಮೂರು ಭಾಷೆ. ನನಗೆ ಬರುತ್ತಿದ್ದುದು ಒಂದು, ಅದನ್ನೂ ಕೇಳಿ ಜನ ನಗುತ್ತಿದ್ದರು. ಮೊದಲ ತಿಂಗಳು ನಾನು ನೋಡಿದ್ದು ರೋಗಿಗಳಿಗಿಂತ ಹೆಚ್ಚಾಗಿ ಮುಚ್ಚಿದ ಬಾಗಿಲುಗಳನ್ನು.

ತಾತ ಸಿಕ್ಕಿದ್ದು ಆಂಡರ್ಸನ್‌ಪೇಟೆಯ ಒಂದು ಮನೆಯಲ್ಲಿ. ಗಣಿಯ ದೂಳು ಕುಡಿದು ಶ್ವಾಸಕೋಶ ಕೆಟ್ಟಿದ್ದ ಹಳೆಯ ಕೆಲಸಗಾರನೊಬ್ಬ ಅಲ್ಲಿ ಹಾಸಿಗೆ ಹಿಡಿದಿದ್ದ. ನಾನು ಹೋದವಳೇ ಚೀಲ ಬಿಚ್ಚಿ, ಬಿಪಿ ಪಟ್ಟಿ ತೆಗೆದು, ಅರ್ಜಿ ಹಾಳೆ ಹಿಡಿದೆ. ಆತ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಪಕ್ಕದಲ್ಲಿ ಒಬ್ಬ ಮುದುಕ ಬಟ್ಟಲಲ್ಲಿ ಸೋಪಿನ ನೊರೆ ಎಬ್ಬಿಸುತ್ತಾ ಕುಳಿತಿದ್ದರು. ಗೆಳೆಯನಿಗೆ ಗಡ್ಡ ಹೆರೆಯಲು ಬಂದಿದ್ದರಂತೆ.

"ಯಾವೂರಮ್ಮ ನಿಂದು?" ಅಂದರು.

"ಹಾವೇರಿ ಕಡೀರಿ."

"ನಿಮ್ಮೂರಾಗೆ ನೆಂಟ್ರು ಮನೆಗೆ ಓದ್ರೆ ಒಸ್ಲು ದಾಟ್ತಿದ್ದಂಗೆ ಕೈ ಇಡ್ದು ನಾಡಿ ನೋಡ್ತಾರಾ? ಕೂತ್ಕೋ ಮೊದ್ಲು. ಈ ಮುಖ ಬೆಳ್ಳಗಾಗ್ಲಿ. ಆಮೇಲೆ ನಿನ್ ಕಡೆ ತಿರುಗ್ತಾನೆ ನೋಡು."

ಕುಳಿತೆ. ಮಡಚಿದ ಬಲಗೈಯಲ್ಲಿ ಬ್ರಷ್ಷು ತಾನಾಗಿಯೇ ಕುಳಿತುಕೊಳ್ಳುತ್ತಿತ್ತು. ಅರ್ಧ ಗಂಟೆ ತಮಿಳಿನಲ್ಲಿ ಅದೇನೇನೋ ಹಳೆಯ ಪೋಲಿ ಕಥೆಗಳು, ಇಬ್ಬರೂ ಕೆಮ್ಮಿ ಕೆಮ್ಮಿ ನಕ್ಕರು. ಗಡ್ಡ ಮುಗಿದ ಮೇಲೆ ಕನ್ನಡಿ ಹಿಡಿದು ತೋರಿಸಿದರು. ಆತ ತನ್ನ ಕೆನ್ನೆ ಸವರಿಕೊಂಡು, ನನ್ನ ಕಡೆ ತಿರುಗಿ, ತೋಳು ಚಾಚಿದ.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಆಸ್ಪತ್ರೆಗೇ ಬಂದರು. "ನಿಂಗೆ ಬಾಗ್ಲು ತೆಗ್ಸೋಕೆ ಒಬ್ರು ಬೇಕು. ನಂಗೆ ಮನ್ಯಾಗೆ ಕೂತು ಕೂತು ಸಾಕಾಗೈತೆ. ಗಾಡಿ ತೆಗಿ." ಸಂಬಳದ ಮಾತೇ ಬರಲಿಲ್ಲ. ನನ್ನ ಒಪ್ಪಿಗೆಯನ್ನೂ ಅವರು ಕೇಳಲಿಲ್ಲ.

ಅಂದಿನಿಂದ ನಮ್ಮ ಕ್ರಮ ಬದಲಾಯಿತು. ಗಂಡಸರಾದರೆ ಮೊದಲು ಗಡ್ಡ, ಆಮೇಲೆ ಔಷಧಿ. ಹೆಂಗಸರಾದರೆ ತಾತ ಒಳಗೆ ಬರುತ್ತಿರಲಿಲ್ಲ. ನಾನು ಹುಣ್ಣು ತೊಳೆಯುವಷ್ಟು ಹೊತ್ತು ಅಡುಗೆಮನೆ ಬಾಗಿಲಲ್ಲಿ ಮನೆಯವರ ಜೊತೆ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಸುಲಿಯುತ್ತಲೇ ಮನೆಯ ಕಷ್ಟಸುಖವೆಲ್ಲ ಅವರ ಮಡಿಲಿಗೆ ಬೀಳುತ್ತಿತ್ತು. ಯಾವ ಮಗ ಮಾತು ಬಿಟ್ಟಿದ್ದಾನೆ, ಯಾರಿಗೆ ನಿದ್ದೆಯಿಲ್ಲ, ಯಾರು ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಅನ್ನುತ್ತಾರೆ, ಆ ಅಮ್ಮನಿಗೆ ಅದು ಆಗಲೇ ಹೇಗೆ ಗೊತ್ತಿದೆ, ಎಲ್ಲ. ಬರುವಾಗ ಅವರ ಜೇಬಿನಲ್ಲಿ ಒಂದು ಹಿಡಿ ಅವರೆಕಾಳೂ ಇರುತ್ತಿತ್ತು. ಮಲಬದ್ಧತೆಯ ವಿಷಯದಲ್ಲಂತೂ ಅವರಿಗೆ ನಾಚಿಕೆಯೇ ಇರಲಿಲ್ಲ. ನೋವಿನ ಮಾತ್ರೆ ನುಂಗುವವರಿಗೆ ಹೊಟ್ಟೆ ಕಟ್ಟುತ್ತದೆಂದು ನಾನು ಒಮ್ಮೆ ಹೇಳಿದ್ದೇ ತಪ್ಪಾಯಿತು. ಬೀದಿ ತಿರುವಿನಿಂದಲೇ, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, "ಏನಪ್ಪಾ, ಓಗಿದ್ಯಾ ಇಲ್ವಾ?" ಎಂದು ಕೂಗುತ್ತಿದ್ದರು. ಇಲ್ಲ ಅಂದವರಿಗೆ ಸಂಜೆಯೊಳಗೆ ಒಂದು ಪರಂಗಿ ಹಣ್ಣು ತಲುಪುತ್ತಿತ್ತು.

ಹತ್ತು ಲೆವೆಲ್‌ನ ಕಥೆ ಹೇಳಬೇಕು. ನೋವು ಎಷ್ಟಿದೆ ಎಂದು ಅಳೆಯಲು ನಮಗೆ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಸಾಲಾಗಿ ಗುಂಡು ಗುಂಡು ಮುಖಗಳು, ನಗುವ ಮುಖದಿಂದ ಅಳುವ ಮುಖದವರೆಗೆ. ನಿಮ್ಮ ನೋವು ಯಾವುದು, ಬೆರಳಿಟ್ಟು ತೋರಿಸಿ ಎನ್ನಬೇಕು. ನಮ್ಮ ಹಳೆಯ ಕೆಲಸಗಾರರು ಆ ಹಾಳೆ ನೋಡಿ ಮುಖ ಸಿಂಡರಿಸುತ್ತಿದ್ದರು. ಬಂಡೆ ಒಡೆದವರ ಮುಂದೆ ಅಂಗನವಾಡಿ ಚಿತ್ರ ಹಿಡಿದರೆ ಇನ್ನೇನಾದೀತು? ತಾತ ಒಂದು ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಗಣಿಯ ಶಾಫ್ಟ್, ಅಂದರೆ ಕೇಜು ಇಳಿಯುವ ಆಳದ ಬಾವಿ, ಬರೆದುಕೊಂಡು ಬಂದರು. ಮೇಲೆ ದೊಡ್ಡ ಚಕ್ರ, ನೆಲ, ಪಕ್ಕದಲ್ಲಿ ಒಂದು ಟೀ ಅಂಗಡಿ. ನೆಲದಿಂದ ಕೆಳಕ್ಕೆ ಹತ್ತು ಗೆರೆ, ಗಣಿಯ ಒಂದೊಂದು ಅಂತಸ್ತಿಗೆ, ಅಂದರೆ ಲೆವೆಲ್‌ಗೆ, ಒಂದೊಂದು. ನೋವೇ ಇಲ್ಲದಿದ್ದರೆ ಟೀ ಅಂಗಡಿ, ತಡೆಯಲಾಗದಿದ್ದರೆ ಹತ್ತನೇ ಲೆವೆಲ್.

ಆಂಡರ್ಸನ್‌ಪೇಟೆಯ ಅದೇ ಗೆಳೆಯ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ತಕರಾರು ತೆಗೆದ. "ಏನ್ ಡ್ರೈವರೇ, ಹತ್ತೇನಾ? ನಾನು ಎಂಬತ್ತನೇ ಲೆವೆಲ್‌ನಲ್ಲಿ ಕೆಲ್ಸ ಮಾಡಿರೋನು. ಹತ್ತಕ್ಕೇ ನಿಲ್ಲಿಸಿದ್ರೆ ನನ್ ಮರ್ಯಾದೆ ಏನಾಗ್ಬೇಕು?"

"ನಿಂಗೆ ಓವರ್‌ಟೈಮ್ ಆಕ್ಕೊಳ್ಳಪ್ಪ" ಎಂದರು ತಾತ. ಆತ ನಗುತ್ತಾ ಆರರ ಮೇಲೆ ಬೆರಳಿಟ್ಟ. ಮುಂದಿನ ವಾರ ಮೂರು. ಟೀ ಅಂಗಡಿ ಮುಟ್ಟಿದ ದಿನ ಮನೆಯವರ ಕೈಲಿ ನಿಜವಾಗಿಯೂ ಟೀ ಮಾಡಿಸಿ ಕುಡಿಸಿದ. ಕಾಮಸಮುದ್ರ ಕಡೆಯ ಹಳ್ಳಿಗಳಲ್ಲಿ ಗಣಿ ಕಾಣದ ಹೆಂಗಸರಿಗೆ ಈ ಶಾಫ್ಟ್ ಅರ್ಥವಾಗುತ್ತಿರಲಿಲ್ಲ. ಅವರಿಗಾಗಿ ತಾತ ಹತ್ತು ಮೆಟ್ಟಿಲಿನ ಒಂದು ಬಾವಿ ಬರೆದರು. ಡಾಕ್ಟರು ಎರಡನ್ನೂ ನೋಡಿ, ಮುಖಗಳ ಹಾಳೆಯನ್ನು ತಾವೇ ಡ್ರಾಯರಿನೊಳಗೆ ಹಾಕಿದರು.

ಆ ಬಾವಿಯ ಚಿತ್ರದಿಂದಲೇ ನಾನು ಇಂದಿಗೂ ಮರೆಯದ ಒಂದು ಘಟನೆ ನಡೆಯಿತು. ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಕ್ಕ, ಐವತ್ತು ದಾಟಿದವಳು, ಕೂಲಿ ಮಾಡಿ ಬದುಕಿದವಳು. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಒಬ್ಬಳೇ ಮಗಳು, ಬಸುರಿ. ಸೀಮಂತಕ್ಕೆ ತವರಿಗೆ ಬಂದಿದ್ದಳು. ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಸೀಮಂತದ ದಿನ ಎದ್ದು ಕೂತು ಮಗಳಿಗೆ ತನ್ನ ಕೈಯಾರೆ ಬಳೆ ತೊಡಿಸಬೇಕು. ಆಕೆಗೆ ಆಗ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ.

ಅಂಥ ನೋವಿಗೆ ಮಾರ್ಫಿನ್ ಮಾತ್ರೆಯೇ ಆಗಬೇಕು. ಅದು ಅಫೀಮಿನ ಜಾತಿಯ ಔಷಧಿಯಾದ್ದರಿಂದ ನೂರೆಂಟು ಕಾಗದ, ತರಬೇತಾದ ಡಾಕ್ಟರು, ಜೋಡಿ ಬೀಗದ ಬೀರು ಇರುವ ಆಸ್ಪತ್ರೆಯಲ್ಲಷ್ಟೇ ಇಡಬಹುದು. ನಮ್ಮಲ್ಲಿ ಇರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಬರೆಸಿಕೊಂಡು ತಂದದ್ದನ್ನು ನಾಲ್ಕು ಗಂಟೆಗೊಂದರಂತೆ ನುಂಗಲು ಹೇಳಿ ಆಕೆಯ ಕೈಗೇ ಕೊಟ್ಟಿದ್ದೆವು. ಆದರೆ ಆಕೆಯ ಬೆರಳು ಬಾವಿಯ ಎಂಟನೇ ಮೆಟ್ಟಿಲು ಬಿಟ್ಟು ಮೇಲೆ ಬರಲೇ ಇಲ್ಲ. ಎರಡು ವಾರವಾಯಿತು. ಡಾಕ್ಟರು ತಲೆ ಕೆರೆದುಕೊಂಡರು. ಬೆಂಗಳೂರಿನವರ ಹತ್ತಿರ ಮಾತಾಡಿ ಮಾತ್ರೆ ಜಾಸ್ತಿ ಮಾಡಿಸೋಣ ಎಂದರು.

ಅಂದು ನಾನು ಒಳಗೆ ಆಕೆಯ ಬೆನ್ನು ಒರೆಸುತ್ತಿದ್ದೆ. ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಮುಗಿದು, ಅಮ್ಮ ತಲೆದೆಸೆಯಲ್ಲಿ ಎತ್ತಿಟ್ಟುಕೊಂಡಿದ್ದ ಡಬ್ಬಿಯನ್ನು ಮಗಳು ತಂದು, ತೆಗೆದುಕೊಡು ತಾತ ಎಂದಳಂತೆ. ತಾತ ಡಬ್ಬಿ ಮುಚ್ಚಳ ತೆಗೆದರೆ, ಸಾಸಿವೆಯೊಳಗೆ ಹೂತಿಟ್ಟ ಮಾತ್ರೆ ಹಾಳೆಗಳು. ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಬೈಯಲಿಲ್ಲ. ಅಲ್ಲೇ ಹೊಸ್ತಿಲಲ್ಲಿ ಕುಳಿತು ತೆಲುಗಿನಲ್ಲಿ ಏನೋ ಕೇಳಿದರು. ಆಕೆ ನನಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದಳು. "ದಿನಾ ಒಂದ್ ನುಂಗ್ತೀನಿ. ಮಿಕ್ಕಿದ್ದು ಸೀಮಂತದ ದಿನಕ್ಕೆ ಮಡಗಿವ್ನಿ. ಆವತ್ತು ಎಲ್ಲಾ ಒಟ್ಗೆ ನುಂಗ್ಬುಟ್ರೆ ಒಂದಿನ ಪೂರಾ ನೋವಿರಲ್ವಲ್ಲ ಸಿಸ್ಟರಮ್ಮ."

ಎಲ್ಲ ಒಟ್ಟಿಗೆ ನುಂಗಿದ್ದರೆ ಆಕೆ ಮಗಳಿಗೆ ಬಳೆ ತೊಡಿಸಲು ಉಳಿಯುತ್ತಿರಲಿಲ್ಲ. ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲವನ್ನೂ ಹಬ್ಬಕ್ಕೆಂದು ಎತ್ತಿಟ್ಟು ಬಾಳಿದವಳು ಮಾತ್ರೆಯನ್ನೂ ಎತ್ತಿಟ್ಟಿದ್ದಳು, ಅಷ್ಟೆ. ನಾನು ಹಾವೇರಿ ಭಾಷೆಯಲ್ಲಿ ಬಡಬಡಿಸಲು ಶುರುಮಾಡಿದೆ. ತಾತ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು.

"ಅಕ್ಕಯ್ಯ, ಮುದ್ದೆಗೆ ಎಸರು ಕುದೀತಿರ್ತದೆ. ಸೌದೆ ಎಳ್ದು ನಾಳೀಕೆ ಬೇಕು ಅಂತ ಮಡಗ್ತೀಯಾ?"

"ಯಾರಾನಾ ಮಡಗ್ತಾರಾ? ಗಂಟಾಗೋಯ್ತದೆ."

"ಗಂಟಾದ್ಮೇಲೆ ಒಂದು ಒರೆ ಸೌದೆ ತುರುಕಿದ್ರೆ ಸರಿಯಾಯ್ತದಾ?"

ಆಕೆ ನಕ್ಕಳು. ಎರಡು ವಾರದಲ್ಲಿ ನಾನು ನೋಡಿದ ಮೊದಲ ನಗು. ಆದರೆ ಕೂಲಿಯವಳು, ಅಷ್ಟಕ್ಕೇ ಒಪ್ಪುವವಳಲ್ಲ. "ಮುಗುದೋದ್ರೆ ಯಾರು ತಂದ್ಕೊಡ್ತಾರೆ? ಬೆಂಗ್ಳೂರಿಂದ ಬರ್ಬೇಕಂತಲ್ಲ" ಎಂದಳು.

"ನಾನ್ ತತ್ತೀನಿ" ಎಂದರು ತಾತ. "ನೀನು ಒತ್ತಿಗೆ ಸರ್ಯಾಗಿ ನುಂಗು. ತರೋದು ನನ್ ಕೆಲ್ಸ."

ಹೇಳಿದಂತೆ ನಡೆದುಕೊಂಡರು. ಡಾಕ್ಟರ ಪತ್ರ ಹಿಡಿದು, ಬಿಳಿ ಷರಟು ತೊಟ್ಟು, ಬೆಳಗಿನ ರೈಲಿಗೆ ಬಂಗಾರಪೇಟೆ ಮೇಲೆ ಬೆಂಗಳೂರಿಗೆ. ಸಂಜೆ ವಾಪಸ್. ಮಾತ್ರೆಗಳನ್ನು ಟಿಫನ್ ಕ್ಯಾರಿಯರಿನ ಮಧ್ಯದ ಬಟ್ಟಲಲ್ಲಿಟ್ಟು, ಮೇಲೆ ಮೊಸರನ್ನ, ಕೆಳಗೆ ಉಪ್ಪಿನಕಾಯಿ. ರೈಲಿನಲ್ಲಿ ಜಾಗ ಕೊಟ್ಟರೂ ಕೂರುತ್ತಿರಲಿಲ್ಲ, ನಿದ್ದೆ ಬಂದೀತೆಂಬ ಭಯ.

ಮಾತ್ರೆ ಹೊತ್ತಿಗೆ ಸರಿಯಾಗಿ ಬೀಳತೊಡಗಿದ ಮೇಲೆ ಆಕೆಯ ಬೆರಳು ದಿನಕ್ಕೊಂದು ಮೆಟ್ಟಿಲು ಹತ್ತಿತು. ಸೀಮಂತದ ದಿನ ಗೋಡೆಗೆ ದಿಂಬು ಕೊಟ್ಟು ಕೂರಿಸಿದೆವು. ಹಸಿರು ಸೀರೆ ಉಟ್ಟು, ಒಂದೂವರೆ ಗಂಟೆ ಕೂತಿದ್ದಳು. ಬಳೆಗಾರನನ್ನು ಪಕ್ಕಕ್ಕೆ ಸರಿಸಿ ಒಂದೊಂದೇ ಬಳೆಯನ್ನು ತಾನೇ ಏರಿಸಿದಳು. ಒಂದೂ ಒಡೆಯಲಿಲ್ಲ. ಹೆಂಗಸರ ಗುಂಪಿನ ನಡುವೆ ಇದ್ದ ಒಬ್ಬನೇ ಗಂಡಸು ನಮ್ಮ ತಾತ. ಒಬ್ಬಳು ತುಂಟಿ ಅವರ ಮಡಚಿದ ಬಲಗೈಗೂ ಎರಡು ಬಳೆ ಏರಿಸಿಬಿಟ್ಟಳು. ಅವರು ಅದನ್ನು ತೆಗೆಯದೆ, ನಾಲ್ಕು ಒಬ್ಬಟ್ಟು ತಿಂದು, ಹಾಗೆಯೇ ನನ್ನ ಸ್ಕೂಟಿ ಹತ್ತಿದರು. ಊರು ತಲುಪುವವರೆಗೂ ನನ್ನ ಬೆನ್ನ ಹಿಂದೆ ಬಳೆ ಸದ್ದು. ಅಕ್ಕ ಮೊಮ್ಮಗಳನ್ನೂ ಕಂಡು, ಹೆಸರಿಟ್ಟ ಮೇಲೆ ಹೋದಳು.

ಆದರೆ ತಾತನಿಗೆ ಆ ಸಾಸಿವೆ ಡಬ್ಬಿ ಒಳಗೆಲ್ಲೋ ಚುಚ್ಚಿತ್ತು. ಮಾತ್ರೆ ನಮ್ಮೂರಲ್ಲೇ ಸಿಗುವಂತಿದ್ದರೆ ಯಾರೂ ಬಚ್ಚಿಡುವುದಿಲ್ಲ ಎಂಬುದು ಅವರ ತಲೆಯಲ್ಲಿ ಕುಳಿತುಬಿಟ್ಟಿತು. ಡಾಕ್ಟರು ಬರುವ ದಿನಗಳಲ್ಲೆಲ್ಲ ಅವರ ಕೋಣೆಯ ಮುಂದಿನ ಬೆಂಚಿನಲ್ಲಿ ಹಾಜರು. ಡಾಕ್ಟರು ಒಳ್ಳೆಯವರು, ಆದರೆ ಅಂಜುಬುರುಕರು. "ಒಂದು ಮಾತ್ರೆ ಕಡಿಮೆಯಾದ್ರೂ ಪೊಲೀಸರು ಬರ್ತಾರೆ ತಾತ, ಯಾರು ಜವಾಬ್ದಾರಿ?" ಎನ್ನುತ್ತಿದ್ದರು.

"ಸಾರ್, ಒಂದ್ ಕೇಜ್ಗೆ ಅಷ್ಟೊಂದ್ ಜನ. ದಿನಾ ಇಳ್ಸಿ ದಿನಾ ಎತ್ತಿವ್ನಿ. ಭಯ ಇರ್ಲಿಲ್ಲ ಅಂದ್ಕೊಂಡ್ರಾ? ಭಯ ಇತ್ತು, ಅದ್ಕೇ ಉಷಾರಾಗಿದ್ದೆ."

ಡಾಕ್ಟರು ಎಂಟು ತಿಂಗಳು ತಡೆದರು. ಆಮೇಲೆ ತರಬೇತಿಗೆ ಹೋದರು. ಬೀರುವನ್ನು ತಾತನೇ ಹುಡುಕಿದರು, ಗಣಿಯ ಕಾಲದ ಉಕ್ಕಿನ ಬೀರು, ನಾಲ್ಕು ಜನ ಎತ್ತಬೇಕು. ಕಾಗದಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿ ಕೊನೆಗೂ ಅನುಮತಿ ಬಂದ ದಿನ ಆಸ್ಪತ್ರೆಗೆಲ್ಲ ಮೈಸೂರುಪಾಕು ಹಂಚಿದರು. ಮುಂದಿನ ವಾರ ಅಭ್ಯಾಸಬಲದಿಂದ ಬಿಳಿ ಷರಟು ತೊಟ್ಟು ರೈಲು ಹತ್ತಿ, ಬೆಂಗಳೂರಿಗೆ ಹೋದ ಮೇಲೆ ಕೆಲಸವಿಲ್ಲವೆಂದು ನೆನಪಾಗಿ, ಸೀಬೆಹಣ್ಣು ಕೊಂಡು ಬಂದರು. ನಾವು ಒಂದು ತಿಂಗಳು ಅದನ್ನೇ ಆಡಿಕೊಂಡು ನಕ್ಕೆವು.

ಬೆನ್ನು ನೋವು ಅಂತ ಅವರು ಹೇಳಿದ್ದು ಅದರ ಮರುವರ್ಷ. ಸ್ಕೂಟಿ ಕುಲುಕಾಟ ಎಂದುಕೊಂಡೆವು. ಅಲ್ಲ. ಪರೀಕ್ಷೆ ಮಾಡಿಸುವ ಹೊತ್ತಿಗೆ ಕ್ಯಾನ್ಸರ್ ಮೂಳೆಗೆ ಬಂದಿತ್ತು. ಫಲಿತಾಂಶ ಹೇಳಲು ಡಾಕ್ಟರು ತಡವರಿಸುತ್ತಿದ್ದಾಗ ತಾವೇ ಅವರ ಬೆನ್ನು ತಟ್ಟಿ, "ಗೊತ್ತಾಯ್ತು ಬುಡಿ ಸಾರ್, ನೀವು ಕಾಫಿ ಕುಡೀರಿ" ಎಂದರು. ಗಣಿಯವರು ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ್ದ ಅವರ ಲೈನ್ ಮನೆಗೆ ನಾನು ನರ್ಸಾಗಿ ಹೋಗತೊಡಗಿದೆ. ಅವರ ಹೆಂಡತಿ, ನಮಗೆಲ್ಲ ಅಜ್ಜಿ, ಮಾತು ಕಡಿಮೆಯ ಹೆಂಗಸು. ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ನಾವು ಆರೈಕೆ ಮಾಡುತ್ತಿದ್ದವರು ಒಬ್ಬೊಬ್ಬರೇ ಆಟೋ ಮಾಡಿಕೊಂಡು ಬಂದು ಇವರನ್ನು ಮಾತಾಡಿಸುತ್ತಿದ್ದರು. ಕಾಮಸಮುದ್ರದ ಮಗಳು ಕೂಸನ್ನು ತಂದು ಅವರ ಹೊಟ್ಟೆಯ ಮೇಲೆ ಕೂರಿಸಿದಳು. ಮನೆ ಯಾವಾಗಲೂ ಮದುವೆ ಮನೆಯ ಹಾಗೆ ಗಲಗಲ ಅನ್ನುತ್ತಿತ್ತು.

ಆ ತಿಂಗಳು ನಮ್ಮ ಬೀರುವಿಗೆ ಬರಬೇಕಿದ್ದ ಮಾತ್ರೆಯ ಸರಬರಾಜು ತಡವಾಯಿತು. ಇದ್ದದ್ದು ಸ್ವಲ್ಪ, ಬೇಕಾಗಿದ್ದವರು ಐದು ಜನ. ಅದು ತಾತನಿಗೂ ಗೊತ್ತಿತ್ತು. ನನಗೆ ಅನುಮಾನ ಹುಟ್ಟಿದ್ದೇ ಆಗ. ಎಷ್ಟನೇ ಲೆವೆಲ್ ತಾತ ಎಂದು ಕೇಳಿದಾಗಲೆಲ್ಲ ಎರಡು ಎನ್ನುತ್ತಿದ್ದರು. ನಿನ್ನೆಯೂ ಎರಡು, ಇವತ್ತೂ ಎರಡು. ಕ್ಷಣ ಹೊತ್ತು ಕಣ್ಣು ಮುಚ್ಚಿಕೊಂಡರೆ ಸಾಕು, ನೋವು ನುಂಗುತ್ತಿದ್ದಾರೇನೋ ಅನ್ನಿಸುತ್ತಿತ್ತು. ಬೇರೆಯವರಿಗೆ ಇರಲಿ ಎಂದು ಈ ಮನುಷ್ಯ ತನ್ನ ಮಾತ್ರೆಯನ್ನು ಎತ್ತಿಡುತ್ತಿದ್ದರೆ? ಅವರ ಸ್ವಭಾವಕ್ಕೆ ಅದು ದೂರದ ಮಾತಲ್ಲ.

"ತಾತಾ, ಖರೇ ಹೇಳ್ರಿ. ಗುಳಿಗಿ ತೊಗೊಳಾಕತ್ತೀರೋ ಇಲ್ಲೋ? ಹಾಳಿ ತೋರಸ್ರಿ, ಎಣಸ್ತೀನಿ."

"ನನ್ ಮ್ಯಾಲೇ ಇನ್ಸ್‌ಪೆಕ್ಷನ್ನಾ? ತೋರ್ಸಲ್ಲ ಓಗು" ಎಂದು ನಕ್ಕರು.

ನಾನು ನಗಲಿಲ್ಲ. ನಿಜವಾಗಿ ಜಗಳವಾಡಿದೆ. ಐದು ವರ್ಷದಲ್ಲಿ ಅವರ ಮೇಲೆ ಎತ್ತದ ದನಿ ಅಂದು ಎತ್ತಿದೆ. ನೀವು ನೋವಿನಲ್ಲಿ ಹೋದರೆ ನಾನು ಈ ಕೆಲಸವನ್ನೇ ಬಿಡುತ್ತೇನೆ ಎಂದೆ. ಅವರು ಬಲಗೈಯಿಂದ ನನ್ನ ಕೈ ಹಿಡಿದುಕೊಂಡು, "ಟೇಮಿಗೆ ಸರ್ಯಾಗಿ ನುಂಗ್ತಿವ್ನಿ ಕಣಮ್ಮ, ನಂಬು" ಎಂದರು. ನಂಬಿದೆ ಎಂದು ಹೇಳಿ ಬಂದೆ. ನಂಬಿರಲಿಲ್ಲ. ಎರಡು ದಿನದ ಮೇಲೆ, ಗುರುವಾರ ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಮುಖ ಶಾಂತವಾಗಿತ್ತು ಎಂದು ಎಲ್ಲರೂ ಅಂದರು. ಸತ್ತವರ ಮುಖ ನೋಡಿ ಎಲ್ಲರೂ ಅನ್ನುವ ಮಾತು ಅದು, ನರ್ಸ್ ಆದವಳಿಗೆ ಅದರಿಂದ ಸಮಾಧಾನ ಸಿಗುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಜ್ಜಿ ಆಟೋದಲ್ಲಿ ಆಸ್ಪತ್ರೆಗೆ ಬಂದರು. ಗೇಟಿನ ಹೊರಗೇ ನಿಂತು ನನ್ನನ್ನು ಕರೆಸಿದರು. ಸೂತಕ, ಒಳಗೆ ಬರುವುದಿಲ್ಲ ಎಂದರು. ಅವರು ಮನೆಯಿಂದ ಹೊರಗೆ ಕಾಲಿಡುವಂತೆಯೇ ಇರಲಿಲ್ಲ, ನೆಂಟರೆಲ್ಲ ಬೈದಿದ್ದರಂತೆ. ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ತೆಗೆದರು.

"ಉಳಿದಿದ್ ಮಾತ್ರೆ. ಆಸ್ಪತ್ರೇದು ಆಸ್ಪತ್ರೆಗೇ ಓಗ್ಬೇಕು, ಅನ್ನೊಂದ್ ದಿನ ಸೂತ್ಕ ಅಂತ ಕಾಯ್ಬ್ಯಾಡ ಅಂದಿದ್ರು."

ಡಾಕ್ಟರು ಹೊರಗೆ ಬಂದು ಎರಡೂ ಕೈ ಒಡ್ಡಿ ಪೊಟ್ಟಣ ತೆಗೆದುಕೊಂಡರು. ಮರಳಿ ಬಂದ ಮಾತ್ರೆಯನ್ನು ಎಣಿಸಿ ಬರೆದಿಡಬೇಕು, ಅದು ನಿಯಮ. ನಾನು ಸ್ಕೂಟಿ ಸೀಟಿನ ಮೇಲೆ ಹಾಳೆ ಹರಡಿದೆ. ಜಗಳವಾಡಿದ ಮಂಗಳವಾರ ನಾನು ಕೊಟ್ಟು ಬಂದ ಮಾತ್ರೆಗಳನ್ನು ಗುರುವಾರ ಮಧ್ಯಾಹ್ನದವರೆಗೆ ಹೊತ್ತು ತಪ್ಪದೆ ನುಂಗಿದ್ದರೆ ಒಂಬತ್ತು ಉಳಿಯಬೇಕು. ಒಂಬತ್ತಕ್ಕಿಂತ ಹೆಚ್ಚಿದ್ದರೆ ಅಷ್ಟು ಹೊತ್ತಿನ ನೋವನ್ನು ಅವರು ಸುಮ್ಮನೆ ತಿಂದಿದ್ದಾರೆ ಎಂದರ್ಥ.

ಒಂಬತ್ತಿದ್ದವು. ಮತ್ತೆ ಎಣಿಸಿದೆ. ಒಂಬತ್ತೇ.

ಅತ್ತುಬಿಟ್ಟೆ, ನಗುವೂ ಬರುತ್ತಿತ್ತು. ಅಜ್ಜಿ ಗಾಬರಿಯಾಗಿ ಏನಾಯ್ತಮ್ಮ ಎಂದರು. "ತಾತ ಖರೇ ಹೇಳಿದ್ರು ಅಜ್ಜಿ. ನಾನ ನಂಬಿರಲಿಲ್ಲ. ಸುಳ್ಳು ಹೇಳಾಕತ್ತಾರ ಅಂದ್ಕೊಂಡಿದ್ದೆ."

"ಆಯಪ್ಪಂಗೆಲ್ಲಿ ಸುಳ್ಳು ಬತ್ತದೆ?" ಎಂದರು ಅಜ್ಜಿ, ಬರಿದಾದ ಸೆರಗನ್ನು ಕೊಡವಿ ಹೊದ್ದುಕೊಳ್ಳುತ್ತಾ. "ಮದ್ವೆ ಆಗಿ ನಲವತ್ತಾರು ವರ್ಸ. ನನ್ ಕೈ ಸಾರು ಚೆನ್ನಾಗೈತೆ ಅಂತ ಸುಳ್ಳಿಗಾದ್ರೂ ಒಂದಿನ ಅನ್ಲಿಲ್ಲ ಕಣಮ್ಮ."

ಸೂತಕದ ಮೂರನೆಯ ದಿನ, ಆಸ್ಪತ್ರೆಯ ಗೇಟಿನಲ್ಲಿ, ನಾವಿಬ್ಬರೂ ಜೋರಾಗಿ ನಕ್ಕುಬಿಟ್ಟೆವು.